ಅಜ್ಜಿಯ ಫೋಟೋದ ಬಿಳಿ ಹಿನ್ನೆಲೆ

ಹೋದ ವರ್ಷ ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋಗಬೇಕಾಗಿತ್ತು. ವೀಸಾ ಅರ್ಜಿಗೆ ಬಿಳಿ ಹಿನ್ನೆಲೆಯ ಫೋಟೋ ಬೇಕು. ಅದಕ್ಕೇನು ಸ್ಟುಡಿಯೋ ಎಂದು ಡೊಂಬಿವಲಿಯ ನಮ್ಮ ಮನೆಯ ಹಾಲ್‌ನಲ್ಲಿ ಗೋಡೆಗೆ ಬಿಳಿ ಬೆಡ್‌ಶೀಟ್ ಕಟ್ಟಿ, ಸೊಸೆಯ ಕೈಯಲ್ಲಿ ಮೊಬೈಲ್ ಕೊಟ್ಟು ಕೂತೆ. ಕಣ್ಣಿಗೆ ಅಷ್ಟು ಬೆಳ್ಳಗಿದ್ದ ಬೆಡ್‌ಶೀಟ್ ಫೋಟೋದಲ್ಲಿ ಬೂದಿಬಣ್ಣಕ್ಕೆ ತಿರುಗಿತ್ತು. ನನ್ನ ನೆರಳು ಬೆನ್ನ ಹಿಂದೆ ಇನ್ನೊಬ್ಬ ಹೆಂಗಸಿನ ಹಾಗೆ ನಿಂತಿತ್ತು.

ಕೊನೆಗೆ ಸ್ಟೇಷನ್ ಹತ್ತಿರದ ಸ್ಟುಡಿಯೋಗೇ ಹೋಗಬೇಕಾಯಿತು. ಅಲ್ಲಿಯ ಹಿರಿಯರು ನನ್ನ ಸ್ಟೂಲನ್ನು ಪರದೆಯಿಂದ ಐದಾರು ಅಡಿ ಮುಂದಕ್ಕೆ ಎಳೆದರು. ಪರದೆಗೇ ಬೇರೆ ಎರಡು ದೀಪ, ನನ್ನ ಮುಖಕ್ಕೆ ಬೇರೆ ದೀಪ. ಪರದೆಯ ಮೇಲೆ ಮುಖಕ್ಕಿಂತ ಸ್ವಲ್ಪ ಹೆಚ್ಚು ಬೆಳಕು ಬಿದ್ದರೆ ಮಾತ್ರ ಅದು ಬಿಳಿಯಾಗುತ್ತದಂತೆ; ತೀರ ಹೆಚ್ಚಾದರೆ ಬೆಳಕು ಮುಂದಕ್ಕೆ ಹರಿದು ಕೂದಲಿನ ಅಂಚನ್ನೇ ತಿಂದುಬಿಡುತ್ತದೆ. ಬಟ್ಟೆ ಎಷ್ಟು ಬಿಳಿಯಿದ್ದರೇನು, ಅದಕ್ಕೆ ಬೆಳಕು ಸಾಲದಿದ್ದರೆ ಬೂದಿಯೇ.

ದೀಪಗಳಿಲ್ಲದ ಕಾಲದಲ್ಲಿ ಹೇಗೆ ಮಾಡುತ್ತಿದ್ದರು? ಈ ಪ್ರಶ್ನೆ ತಲೆಗೆ ಹೊಕ್ಕಿದ್ದೇ ತಡ, ಸಿಕ್ಕಿದ್ದನ್ನೆಲ್ಲ ಓದತೊಡಗಿದೆ.

1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಗಾಜಿನ ಮೇಲೆ ಕೊಲೋಡಿಯನ್ ಹಚ್ಚಿ ನೆಗೆಟಿವ್ ಮಾಡುವ ವಿಧಾನವನ್ನು ಪ್ರಕಟಿಸಿದ. ಆ ಗಾಜಿಗೆ ಎಲ್ಲ ಬಣ್ಣಗಳೂ ಒಂದೇ ರೀತಿ ಕಾಣುತ್ತಿರಲಿಲ್ಲ. ತಿಳಿನೀಲಿ ಬಟ್ಟೆ ಬಿಳಿಯಾಗಿ ಮೂಡುತ್ತಿತ್ತು, ಕೆಂಪು ಹಳದಿ ಕಪ್ಪಾಗುತ್ತಿದ್ದವು. ಹಳೆಯ ಫೋಟೋಗಳಲ್ಲಿ ಆಕಾಶ ಬರಿದಾಗಿ ಕಾಣುವುದು ಇದರಿಂದಲೇ. ಅರಿಶಿನ ಹಚ್ಚಿದ ನಮ್ಮ ಹೆಂಗಸರ ಕೆನ್ನೆಗೆ ಅಂಥ ಗಾಜಿನಲ್ಲಿ ಏನು ಗತಿಯಾಗುತ್ತಿತ್ತು, ನೀವೇ ಊಹಿಸಿ! 1873ರಲ್ಲಿ ಜರ್ಮನಿಯ ಹರ್ಮನ್ ಫೋಗೆಲ್ ಎಂಬಾತ ಬಣ್ಣದ ರಾಸಾಯನಿಕ ಬೆರೆಸಿ ಈ ದೋಷಕ್ಕೆ ದಾರಿ ಕಂಡುಹಿಡಿದ ಮೇಲೆ ನಿಧಾನವಾಗಿ ಪರಿಸ್ಥಿತಿ ಸುಧಾರಿಸಿತು.

ನಮ್ಮ ಕಡೆ ಹೆಂಗಸರು ಕ್ಯಾಮೆರಾ ಮುಂದೆ ಕೂರುವುದೇ ದೊಡ್ಡ ಮಾತಾಗಿತ್ತು. ಹೈದರಾಬಾದಿನಲ್ಲಿ ನಿಜಾಮರ ಛಾಯಾಗ್ರಾಹಕರಾಗಿದ್ದ ಲಾಲಾ ದೀನ್ ದಯಾಳ್ 1892ರಲ್ಲಿ ಹೆಂಗಸರಿಗಾಗಿಯೇ ಜನಾನಾ ಸ್ಟುಡಿಯೋ ತೆರೆದರು. ಅದನ್ನು ನೋಡಿಕೊಳ್ಳುತ್ತಿದ್ದವರು ಕೆನ್ನಿ ಲೆವಿಕ್ ಎಂಬ ಇಂಗ್ಲಿಷ್ ಮಹಿಳೆ.

ಬಿಳಿ ಹಿನ್ನೆಲೆಗೆ ಆಗಿನವರು ಮುಖ್ಯವಾಗಿ ಎರಡು ಉಪಾಯ ಮಾಡುತ್ತಿದ್ದರು. ಮೊದಲನೆಯದು ಪ್ರಿಂಟ್ ಹಾಕುವಾಗಿನದು. ನೆಗೆಟಿವ್ ಮೇಲೆ ಮೊಟ್ಟೆಯಾಕಾರದ ತೂತಿನ ರಟ್ಟು ಇಟ್ಟು, ತೆಳ್ಳನೆಯ ಕಾಗದ ಮುಚ್ಚಿ ಬಿಸಿಲಿಗೆ ಹಿಡಿಯುವುದು. ಮುಖ ಸ್ಪಷ್ಟವಾಗಿ ಮೂಡಿ, ಭುಜದ ಕೆಳಗೆ ಎಲ್ಲವೂ ಮೆಲ್ಲಗೆ ಬಿಳಿಯಲ್ಲಿ ಕರಗುತ್ತದೆ. ಎರಡನೆಯದು ಕುಂಚದ ಕೆಲಸ. ನೆಗೆಟಿವ್‌ನಲ್ಲಿ ವ್ಯಕ್ತಿಯ ಸುತ್ತ ಬೆಳಕು ದಾಟದ ಗಟ್ಟಿ ಬಣ್ಣ ಬಳಿಯುತ್ತಿದ್ದರು. ಬಣ್ಣವಿದ್ದಲ್ಲಿ ಬೆಳಕು ಕಾಗದಕ್ಕೆ ತಲುಪುವುದಿಲ್ಲ, ಹಾಗಾಗಿ ಪ್ರಿಂಟ್‌ನಲ್ಲಿ ಅಲ್ಲಿ ಅಚ್ಚ ಬಿಳಿ. ಕಿವಿಯ ಓಲೆ, ಹೆರಳಿನ ಅಂಚು, ಸೆರಗಿನ ಮಡಿಕೆ ಕೆಡದಂತೆ ಸಣ್ಣ ಕುಂಚದಲ್ಲಿ ಸುತ್ತುಬರುವುದು ತಾಳ್ಮೆಯ ಕೆಲಸ. ಗುಂಪಿನ ಫೋಟೋದಿಂದ ಒಬ್ಬರನ್ನೇ ಬಿಡಿಸಿ ತೆಗೆಯುವುದಕ್ಕೂ ಇದೇ ವಿದ್ಯೆ.

ಇದನ್ನು ಓದುವಾಗ ದೇವರಮನೆಯ ಪಕ್ಕದಲ್ಲಿ ತೂಗುಹಾಕಿದ ನಮ್ಮಜ್ಜಿಯ ಫೋಟೋ ಕಣ್ಣಮುಂದೆ ಬಂತು. 1940ರ ದಶಕದಲ್ಲಿ ಧಾರವಾಡದ ಕಡೆ ತೆಗೆಸಿದ್ದು. ಅಜ್ಜಿ ಸಣ್ಣ ವಯಸ್ಸಿನಲ್ಲೇ ಹೋದರು, ಇದೊಂದೇ ಫೋಟೋ. ಸುತ್ತ ಏನೂ ಇಲ್ಲದ ಬಿಳಿ. ಫ್ರೇಮ್ ಬಿಚ್ಚಿ, ಅಂಚಿನ ರಟ್ಟು ತೆಗೆದು ನೋಡಿದೆ. ಎಡಭುಜದ ಮೇಲೆ ನಾಲ್ಕು ಬೆರಳು! ಬಣ್ಣ ಬಳಿದವನು ಕೈಯನ್ನು ಮಣಿಕಟ್ಟಿನವರೆಗೆ ಅಳಿಸಿದ್ದ. ಬೆರಳು ಅಳಿಸಿದರೆ ಅಜ್ಜಿಯ ಸೀರೆಯೂ ಹೋಗುತ್ತದೆಂದು ಬಿಟ್ಟಿರಬೇಕು.

ಅಮ್ಮನಿಗೆ ಎಂಬತ್ತೆಂಟು. ತೋರಿಸಿದೆ. ಬಹಳ ಹೊತ್ತು ನೋಡಿ, “ಅದು ನಮ್ಮ ಸೋದರತ್ತೀ ಕೈ. ಅವ್ವ ಹೋದಮ್ಯಾಲೆ ನಮ್ಮನ್ನ ಬೆಳಸಿದಾಕಿ ಅಕೀನ” ಎಂದಳು.

ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳಂತೆ. ಶ್ರಾದ್ಧಕ್ಕೆ ಇಡಲು ಅಜ್ಜಿಯದೊಂದೇ ಬೇಕೆಂದು ಹಿರಿಯರು ಬಿಡಿಸಿ ಮಾಡಿಸಿದ್ದರು. ಸೋದರತ್ತೆಯದು ಬೇರೆ ಫೋಟೋ ಇಲ್ಲ. ಅವಳ ಹೆಸರಿನಲ್ಲಿ ಯಾರೂ ಫೋಟೋ ಕೇಳಲೂ ಇಲ್ಲ.

ನನಗೆ ಒಂದು ಆಸೆ ಹುಟ್ಟಿತು. ನೆಗೆಟಿವ್ ಮೇಲೆ ಬಳಿದದ್ದು ಬರೀ ಬಣ್ಣ. ಕೆಳಗಿನ ಚಿತ್ರಕ್ಕೆ ಏನೂ ಆಗಿರುವುದಿಲ್ಲ, ನೀರಿನ ಬಣ್ಣವಾದರೆ ತೊಳೆದರೆ ಬಿಡುತ್ತದೆ. ಗಾಜು ಉಳಿದಿದ್ದರೆ ಅವಳೂ ಅಲ್ಲೇ ಇದ್ದಾಳೆ! ಹುಬ್ಬಳ್ಳಿಯ ತಮ್ಮನಿಗೆ ಫೋನ್ ಮಾಡಿ ವಿಚಾರಿಸಲು ಹೇಳಿದೆ. ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷವಾಗಿದೆ. ಗಾಜುಗಳನ್ನು ರದ್ದಿಗೆ ಹಾಕಿದರಂತೆ.

ವೀಸಾ ಬಂತು, ಅಮೆರಿಕಕ್ಕೂ ಹೋಗಿಬಂದೆ. ಅಜ್ಜಿಯ ಫೋಟೋಗೆ ಈಗ ಹೊಸ ಫ್ರೇಮ್ ಹಾಕಿಸಿದ್ದೇನೆ. ಅಂಗಡಿಯವನು, “ಆ ಬೆರಳುಗಳನ್ನು ಕಂಪ್ಯೂಟರಿನಲ್ಲಿ ತೆಗೆದು ನೀಟಾಗಿ ಮಾಡಿಕೊಡುತ್ತೇನೆ, ಬಾಯೀ” ಎಂದ. ಬೇಡ ಎಂದು, ಅಂಚಿನ ರಟ್ಟನ್ನು ಅರ್ಧ ಇಂಚು ಹಿಂದಕ್ಕೆ ಕತ್ತರಿಸಲು ಹೇಳಿದೆ. ನಾಲ್ಕೂ ಬೆರಳು ಕಾಣುತ್ತವೆ.