ಬಾಣಂತಿಯ ಬಟ್ಟೆ

ದಿನ ತುಂಬಿದ ಹೆಣ್ಣುಮಗಳಿರುವ ಮನೆಯಲ್ಲಿ, ಆಸ್ಪತ್ರೆಗೆ ಒಯ್ಯುವ ಚೀಲವನ್ನು ಸಿದ್ಧಪಡಿಸುವ ದಿನ ಒಂದು ಸಣ್ಣ ಜಗಳ ತಪ್ಪುವುದಿಲ್ಲ. ಅಜ್ಜಿ ಟ್ರಂಕಿನ ತಳದಿಂದ ಹಳೆಯ ನೂಲಿನ ಸೀರೆಯೊಂದನ್ನು ತೆಗೆದು, ಉದ್ದಕ್ಕೆ ಹರಿದು ಮಡಿಸಿಡುತ್ತಾರೆ. ಹೊಟ್ಟೆ ಕಟ್ಟುವುದಕ್ಕೆ ಅಷ್ಟು, ಕೂಸಿಗೆ ಹಾಸುವುದಕ್ಕೆ ಇಷ್ಟು. ಮೊಮ್ಮಗಳು ಅಂಗಡಿಯಿಂದ ತಂದ, ಮುಂದೆ ಜಿಪ್ ಇರುವ ಎರಡು ನೈಟಿಗಳನ್ನು ಅದರ ಮೇಲೆ ಇಡುತ್ತಾಳೆ. "ಇದೆಲ್ಲ ಏಕೆ ಅಜ್ಜಿ, ಉಡುವುದಕ್ಕೆ ಅಲ್ಲಿ ಅವರೇ ಕೊಡುತ್ತಾರೆ" ಎಂದು ಅಳಿಯಂದಿರು ಬಾಗಿಲಲ್ಲಿ ನಿಂತು ಹೇಳುತ್ತಾರೆ. ಮೂವರ ಮಾತಿನಲ್ಲಿಯೂ ಹುರುಳುಂಟು. ಆದರೆ ಆ ಮೂರು ಬಟ್ಟೆಗಳೂ ಒಂದೇ ಚೀಲಕ್ಕೆ ಬಂದು ಸೇರಿದ ದಾರಿ ದೊಡ್ಡದು. ಸೀರೆ ಕುಪ್ಪಸಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಈ ದಾರಿಯನ್ನು ತುಳಿದಿಲ್ಲ. ಇದರ ಇಕ್ಕೆಲದಲ್ಲಿ ಸಾವುಗಳು ಬಹಳ.

ಮೊದಲು ನಮ್ಮ ಹಳೆಯ ವೈದ್ಯಗ್ರಂಥವನ್ನೇ ನೋಡೋಣ. ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಸೂತಿಕಾಗೃಹದ ವಿಚಾರ ವಿಸ್ತಾರವಾಗಿ ಬರುತ್ತದೆ. ಹೆರಿಗೆಯಾದವಳಿಗೆ ಎಣ್ಣೆ ತುಪ್ಪಗಳನ್ನು ಸವರಿ, ದೊಡ್ಡದಾದ ಶುಭ್ರವಸ್ತ್ರದಿಂದ ಹೊಟ್ಟೆಯನ್ನು ಸುತ್ತಬೇಕು, ಹಾಗೆ ಸುತ್ತಿದರೆ ವಾಯು ಸೇರಿಕೊಳ್ಳಲು ಎಡೆಯಿರುವುದಿಲ್ಲ ಎಂದು ಅಲ್ಲಿ ಹೇಳಿದೆ. ಮಗುವಿನ ಹಾಸಿಗೆ ಹೊದಿಕೆಗಳ ವಿಷಯದಲ್ಲಂತೂ ಗ್ರಂಥಕಾರನ ಕಟ್ಟುನಿಟ್ಟು ಇನ್ನೂ ಹೆಚ್ಚು. ಅವು ಮೃದುವಾಗಿ, ಹಗುರವಾಗಿ, ಶುಚಿಯಾಗಿರಬೇಕು. ಬೆವರು, ಕೊಳೆ, ಮಲಮೂತ್ರ ಅಂಟಿದ್ದನ್ನು ಬಿಸುಡಬೇಕು. ಬೇರೆ ಬಟ್ಟೆ ಇಲ್ಲದವರು ಅದನ್ನೇ ಚೆನ್ನಾಗಿ ಒಗೆದು, ಧೂಪದ ಹೊಗೆ ಕೊಟ್ಟು, ಪೂರ್ತಿ ಒಣಗಿಸಿ ಬಳಸಬೇಕು. ಬಡವರ ಮನೆಯ ಕಷ್ಟವನ್ನು ಬಲ್ಲವನು ಬರೆದ ಮಾತು ಇದು.

ಶಾಸ್ತ್ರ ಹೀಗೆ ಹೇಳಿದರೂ ಮನೆಯ ನಡೆವಳಿ ಬೇರೆ ದಾರಿ ಹಿಡಿಯಿತು. ಹೆರಿಗೆಯೆಂದರೆ ಪುರುಡು, ಪುರುಡೆಂದರೆ ಮೈಲಿಗೆ. ಹತ್ತು ದಿನ ಬಾಣಂತಿಯನ್ನು ಮುಟ್ಟುವಂತಿಲ್ಲ, ಅವಳು ಮುಟ್ಟಿದ ಬಟ್ಟೆ ಮನೆಯ ಉಪಯೋಗಕ್ಕೆ ಮರಳುವಂತಿಲ್ಲ. ಹೇಗೂ ಬಿಸಾಡುವ ಇಲ್ಲವೆ ಅಗಸಗಿತ್ತಿಗೋ ಸೂಲಗಿತ್ತಿಗೋ ಕೊಟ್ಟುಬಿಡುವ ಬಟ್ಟೆ ತಾನೆ? ಆದುದರಿಂದ ಮನೆಯಲ್ಲಿರುವುದರಲ್ಲೆಲ್ಲ ಹಳೆಯ ಸೀರೆ, ಹರಿದ ಕಂಬಳಿ, ಮಾಸಿದ ಚಾಪೆ, ಇವು ಆ ಕತ್ತಲೆ ಕೋಣೆಗೆ ಸಂದವು. ಶುಚಿಯಾಗಿರಬೇಕಾದ ಬಟ್ಟೆ ಮೈಲಿಗೆಯಾಗುವ ಬಟ್ಟೆಯಾದ್ದರಿಂದಲೇ ಕೊಳಕಾದದ್ದಾಯಿತು. ಹನ್ನೊಂದನೆಯ ದಿನ ಪುಣ್ಯಾಹವಾಗಿ, ತಲೆಗೆ ನೀರೆರೆದು, ಹೊಸ ಸೀರೆ ಉಡಿಸುವ ಹೊತ್ತಿಗೆ ಕೆಲವರಿಗೆ ಮೈ ಸುಡುತ್ತಿತ್ತು. ಬಾಣಂತಿ ಜ್ವರ, ಬಾಣಂತಿ ಸನ್ನಿ, ಬಾಣಂತಿ ನಂಜು ಎಂದು ನಮ್ಮ ಭಾಷೆಯಲ್ಲಿ ಇಷ್ಟು ಹೆಸರುಗಳಿರುವುದು ಸುಮ್ಮನೆ ಅಲ್ಲ.

ಹಳೆಯ ಬಟ್ಟೆಯ ಪರವಾಗಿಯೂ ಒಂದು ಮಾತು ಹೇಳಬೇಕು. ಎಷ್ಟೋ ಸಲ ಒಗೆದು ಸವೆದ ನೂಲಿನ ಸೀರೆಯಷ್ಟು ಮೆತ್ತನೆಯ, ನೀರು ಹೀರುವ ಬಟ್ಟೆ ಮತ್ತೊಂದಿಲ್ಲ. ಹೊಸ ಬಟ್ಟೆಯ ಗಂಜಿಯ ಬಿರುಸು ಕೂಸಿನ ಮೈಗೆ ಒಗ್ಗದು. ಆ ಅರಿವು ಸರಿಯಾದದ್ದೇ. ಕುದಿಯುವ ನೀರು, ಬಿಸಿಲು ಇವೆರಡೂ ಆ ಬಟ್ಟೆಗೆ ದೊರೆತಿದ್ದರೆ ಅದರ ಮೇಲೆ ಯಾವ ದೂರೂ ಇರುತ್ತಿರಲಿಲ್ಲ.

ಇದು ನಮ್ಮ ದೇಶದ ಅಜ್ಞಾನ ಮಾತ್ರ ಎಂದು ತಿಳಿಯಬೇಕಾಗಿಲ್ಲ. ೧೯೨೭ರಲ್ಲಿ ಅಮೆರಿಕದ ಕ್ಯಾಥರಿನ್ ಮೇಯೋ ನಮ್ಮ ಸೂಲಗಿತ್ತಿಯರ ಕೊಳಕನ್ನು ಬಣ್ಣಿಸಿ ಪುಸ್ತಕ ಬರೆದಾಗ ಗಾಂಧೀಜಿ ಅದನ್ನು ಚರಂಡಿ ತಪಾಸಣೆಗಾರನ ವರದಿ ಎಂದು ಕರೆದರು. ಅಂಥದೇ ವರದಿಯನ್ನು ಯೂರೋಪಿನ ದೊಡ್ಡ ದೊಡ್ಡ ಆಸ್ಪತ್ರೆಗಳ ಬಗ್ಗೆಯೂ ಬರೆಯಬಹುದಾಗಿತ್ತು. ಅಲ್ಲಿನ ವೈದ್ಯರೇ ಕೆಲವರು ಬರೆದೂ ಇದ್ದರು. ಸ್ಕಾಟ್ಲೆಂಡಿನ ಅಬರ್ಡೀನ್ ಊರಿನ ಅಲೆಕ್ಸಾಂಡರ್ ಗಾರ್ಡನ್ ಎಂಬ ವೈದ್ಯ ೧೭೯೫ರಲ್ಲಿ ತನ್ನ ಊರಿನ ಬಾಣಂತಿ ಜ್ವರದ ಮೇಲೆ ಗ್ರಂಥವೊಂದನ್ನು ಪ್ರಕಟಿಸಿದ. ರೋಗಿಯ ಉಡುಪು ಹಾಸಿಗೆಗಳನ್ನು ಸುಡಬೇಕು ಇಲ್ಲವೆ ಚೆನ್ನಾಗಿ ಶುದ್ಧಿಮಾಡಬೇಕು, ಉಪಚರಿಸಿದ ವೈದ್ಯರೂ ದಾದಿಯರೂ ಮೈತೊಳೆದು ತಮ್ಮ ಉಡುಪಿಗೆ ಹೊಗೆ ಕೊಟ್ಟ ಮೇಲೆಯೇ ಅದನ್ನು ಮತ್ತೆ ತೊಡಬೇಕು ಎಂದ. ಈ ಜ್ವರವನ್ನು ಎಷ್ಟೋ ತಾಯಂದಿರಿಗೆ ತಾನೇ ಒಯ್ದು ಹಚ್ಚಿದೆನೆಂದೂ ಒಪ್ಪಿಕೊಂಡ. ಊರಿನವರು ಅವನ ಮೇಲೆ ತಿರುಗಿಬಿದ್ದರು. ಅವನು ಊರು ಬಿಟ್ಟು ನೌಕಾದಳದ ಕೆಲಸಕ್ಕೆ ಮರಳಿದ, ೧೭೯೯ರಲ್ಲಿ ತೀರಿಕೊಂಡ.

ವಿಯೆನ್ನಾದ ಸೆಮ್ಮೆಲ್‌ವೈಸನ ಕಥೆ ಹಲವರಿಗೆ ಗೊತ್ತು. ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸುತ್ತಿದ್ದ ವೈದ್ಯರು ವಿದ್ಯಾರ್ಥಿಗಳಿಗೆ ಅವನು ೧೮೪೭ರಲ್ಲಿ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯುವ ನಿಯಮ ವಿಧಿಸಿದ. ೧೮೪೬ರಲ್ಲಿ ಆ ವಿಭಾಗದಲ್ಲಿ ನೂರಕ್ಕೆ ಹನ್ನೊಂದಕ್ಕೂ ಮೇಲೆ ತಾಯಂದಿರು ಸತ್ತಿದ್ದರು. ೧೮೪೮ರಲ್ಲಿ ಆ ಸಂಖ್ಯೆ ನೂರಕ್ಕೆ ಒಂದೂಕಾಲಕ್ಕೆ ಇಳಿಯಿತು. ಕೈ ತೊಳೆದ ಈ ಕಥೆ ಪಠ್ಯಪುಸ್ತಕಗಳಲ್ಲಿ ಬರುತ್ತದೆ. ಬಟ್ಟೆಯ ಕಥೆ ಬರುವುದಿಲ್ಲ. ಅವನು ಮುಂದೆ ಹಂಗೆರಿಯ ಪೆಸ್ಟ್ ನಗರದ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದಾಗ, ಕೈಗಳೆಲ್ಲ ಶುದ್ಧವಾಗಿದ್ದರೂ ಜ್ವರ ಮತ್ತೆ ತಲೆಯೆತ್ತಿತು. ಹುಡುಕಿದಾಗ ಕಂಡದ್ದು ಹಾಸಿಗೆಯ ದುಪ್ಪಟಿಗಳು. ಕಡಿಮೆ ಖರ್ಚಿನಲ್ಲಿ ಒಗೆಸುವ ಏರ್ಪಾಡಿನಿಂದ, ಹಿಂದಿನ ಬಾಣಂತಿಯ ರಕ್ತಸ್ರಾವ ಅಂಟಿಕೊಂಡೇ ಇದ್ದ ಬಟ್ಟೆಯನ್ನು ಮುಂದಿನವಳಿಗೆ ಹಾಸುತ್ತಿದ್ದರು. ಸೆಮ್ಮೆಲ್‌ವೈಸ್ ನಾರುವ ಆ ದುಪ್ಪಟಿಗಳನ್ನೇ ಹೊತ್ತುಕೊಂಡು ಹೋಗಿ ಮೇಲಧಿಕಾರಿಯ ಮುಂದಿಟ್ಟ. ಕಾಗದದಲ್ಲಿ ಬರೆದ ದೂರು ಮಾಡದ ಕೆಲಸವನ್ನು ಮೂಗು ಮಾಡಿರಬೇಕು. ತಾಯಿಯ ಜೀವ ಅಗಸನ ಲೆಕ್ಕಪತ್ರದಲ್ಲಿಯೂ ಅಡಗಿರುತ್ತದೆಂದು ಕಂಡುಕೊಂಡ ಆ ವೈದ್ಯನನ್ನು ಅವನ ಕಾಲದ ವಿದ್ವಾಂಸರು ಬಹುಮಟ್ಟಿಗೆ ನಂಬಲಿಲ್ಲ. ೧೮೬೫ರಲ್ಲಿ ಹುಚ್ಚರ ಆಸ್ಪತ್ರೆಯಲ್ಲಿ, ನಂಜೇರಿ, ಅವನು ಸತ್ತ.

ಅವನ ತರುವಾಯ ಪಾಶ್ಚರನಿಂದ ರೋಗಾಣುಗಳ ಅರಿವು ಬಂತು, ಲಿಸ್ಟರನಿಂದ ಶಸ್ತ್ರಚಿಕಿತ್ಸೆಯ ಶುದ್ಧಿ ಬಂತು. ೧೮೭೯ರಲ್ಲಿ ಪ್ಯಾರಿಸಿನ ಶಾಂಬರ್ಲಾಂ ಒತ್ತಡದ ಹಬೆಯಲ್ಲಿ ವಸ್ತುಗಳನ್ನು ಬೇಯಿಸುವ ಯಂತ್ರವನ್ನು ಸಿದ್ಧಪಡಿಸಿದ. ಬಟ್ಟೆಗೆ ಇದಕ್ಕಿಂತ ಮಿಗಿಲಾದ ಅಗ್ನಿಪರೀಕ್ಷೆಯಿಲ್ಲ. ಇಲ್ಲಿಂದ ಮುಂದೆ ಆಸ್ಪತ್ರೆಗಳು ಮನೆಯ ಬಟ್ಟೆಯನ್ನು ಬಾಗಿಲಲ್ಲೇ ತಡೆದು, ತಮ್ಮ ಬಟ್ಟೆಯನ್ನು ಉಡಿಸತೊಡಗಿದವು.

ನಮ್ಮ ಕಡೆಗೆ ಈ ಗಾಳಿ ನಿಧಾನವಾಗಿ ಬೀಸಿತು. ಹೆಂಗಸರಿಗೆ ಹೆಂಗಸರೇ ವೈದ್ಯೆಯರಾಗಿ ಒದಗಲೆಂದು ಲೇಡಿ ಡಫರಿನ್ ಹೆಸರಿನ ನಿಧಿ ೧೮೮೫ರಲ್ಲಿ ಹುಟ್ಟಿತು. ಸೂಲಗಿತ್ತಿಯರಿಗೇ ಶುಚಿತ್ವದ ಶಿಕ್ಷಣ ಕೊಡಲು ಲೇಡಿ ಕರ್ಜನ್ ೧೯೦೩ರಲ್ಲಿ ಮತ್ತೊಂದು ನಿಧಿಯನ್ನು ಆರಂಭಿಸಿದಳು. ಬೆಂಗಳೂರಿನ ಕೋಟೆಯ ಬಳಿ ೧೯೦೦ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಅದರ ನೆರೆಯಲ್ಲೇ ೧೯೩೫ರಲ್ಲಿ, ಮೈಸೂರಿನ ರಾಜಮಾತೆಯ ಹೆಸರಿನಲ್ಲಿ, ಹೆಂಗಸರು ಮಕ್ಕಳಿಗಾಗಿಯೇ ವಾಣಿವಿಲಾಸ ಆಸ್ಪತ್ರೆ ತೆರೆಯಿತು. ಅದೇ ವರ್ಷ ಜರ್ಮನಿಯ ಡೋಮಾಕ್ ಪ್ರಾಂಟೊಸಿಲ್ ಎಂಬ ಕೆಂಪು ಔಷಧದ ಗುಣವನ್ನು ಪ್ರಕಟಿಸಿದ. ಮರುವರ್ಷ ಲಂಡನಿನ ಕ್ವೀನ್ ಷಾರ್ಲೆಟ್ ಆಸ್ಪತ್ರೆಯಲ್ಲಿ ಕೋಲ್‌ಬ್ರೂಕ್ ಅದನ್ನು ಬಾಣಂತಿ ಜ್ವರಕ್ಕೆ ಕೊಟ್ಟಾಗ ಸಾವುಗಳು ತಟ್ಟನೆ ಇಳಿದವು. ಬಟ್ಟೆಯ ಶುದ್ಧಿಯೊಂದನ್ನೇ ನಂಬಿಕೊಂಡಿರಬೇಕಾದ ಕಾಲ ಹೀಗೆ ಮುಗಿಯುತ್ತ ಬಂತು.

ಆದರೂ ಆಸ್ಪತ್ರೆ ಎಂದರೆ ನಮ್ಮ ಮನೆಗಳು ಹಿಂದೆಗೆಯುತ್ತಿದ್ದುದಕ್ಕೆ ಈ ಬಟ್ಟೆಯೂ ಒಂದು ಕಾರಣ. ಮನೆಯಿಂದ ತಂದ ಸೀರೆ ಆಸ್ಪತ್ರೆಯ ಕಣ್ಣಿಗೆ ಕೊಳಕು. ಯಾರು ಯಾರೋ ಉಟ್ಟುಬಿಟ್ಟ ಆಸ್ಪತ್ರೆಯ ಬಟ್ಟೆ ಮನೆಯವರ ಕಣ್ಣಿಗೆ ಮೈಲಿಗೆ. ಒಬ್ಬರು ಶುದ್ಧವೆಂದದ್ದು ಇನ್ನೊಬ್ಬರಿಗೆ ಅಶುದ್ಧ. ಇಬ್ಬರೂ ಆಡುತ್ತಿದ್ದ ಮಾತು ಮಾತ್ರ ಮಡಿಯದೇ. ನಡುವೆ ಸಿಕ್ಕಿಕೊಂಡವಳು ನೋವು ತಿನ್ನುತ್ತಿರುವ ಹುಡುಗಿ. ಬಿಳಿಯ ಬಟ್ಟೆಯ ಬಗೆಗೂ ಅಳುಕಿತ್ತು. ನಮ್ಮ ಎಷ್ಟೋ ಮನೆಗಳಲ್ಲಿ ಮುತ್ತೈದೆ ಬರಿಯ ಬಿಳಿ ಉಡುವುದಿಲ್ಲ, ಅದೂ ಮಗು ಹುಟ್ಟುವ ಗಳಿಗೆಯಲ್ಲಿ.

ಆಸ್ಪತ್ರೆಯ ಗೌನಿಗೆ ತನ್ನದೇ ದೋಷವೂ ಉಂಟು. ಅದನ್ನು ಹಿಂದೆ ಲಾಡಿ ಕಟ್ಟುವಂತೆ ಹೊಲಿದಿರುವುದು ಮಲಗಿರುವ ರೋಗಿಯನ್ನು ಪರೀಕ್ಷಿಸುವವರ ಅನುಕೂಲಕ್ಕೆ. ಎದ್ದು ನಡೆಯುವ ಹೆಂಗಸಿಗೆ ಅದು ನಾಚಿಕೆ, ಹಾಲೂಡುವ ತಾಯಿಗೆ ತೊಡಕು. ಹುಟ್ಟಿದ ಕೂಸನ್ನು ಮೊದಲ ಗಂಟೆಯಲ್ಲೇ ತಾಯಿಯ ಬರಿಯ ಎದೆಯ ಮೇಲೆ ಮಲಗಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾದರೆ ಉಡುಪು ತೆರೆಯಬೇಕಾದದ್ದು ಮುಂದುಗಡೆ. ಇಲ್ಲಿ ನಮ್ಮ ಮುತ್ತಜ್ಜಿಯರ ಕುಪ್ಪಸ ನೆನಪಿಗೆ ಬರುತ್ತದೆ. ಎದೆಯ ಕೆಳಗೆ ಗಂಟು ಹಾಕುವ ಆ ಕುಪ್ಪಸವನ್ನು ಒಂದೇ ಕೈಯಲ್ಲಿ ಬಿಚ್ಚಬಹುದಾಗಿತ್ತು, ಮೈ ತುಂಬಿದರೆ ಸಡಿಲಿಸಬಹುದಾಗಿತ್ತು, ಮೇಲೆ ಸೆರಗಿನ ಮರೆಯೂ ಇತ್ತು. ಬೆನ್ನಿಗೆ ಗುಂಡಿಯಿರುವ ರವಿಕೆಗಳು ಬಂದು ಆ ಸೌಕರ್ಯವನ್ನು ಕಿತ್ತುಕೊಂಡವು. ಹಿರಿಯರು ಹುಬ್ಬುಗಂಟಿಕ್ಕಿ ನೋಡುವ ಜಿಪ್ಪಿನ ನೈಟಿ ಅದನ್ನು ಮರಳಿ ತಂದಿದೆ. ಹೆರಿಗೆಯ ಕೋಣೆಯಲ್ಲಿ, ಅದರಲ್ಲೂ ಸಿಸೇರಿಯನ್ ಆಗುವುದಾದರೆ, ಆಸ್ಪತ್ರೆಯ ಬಟ್ಟೆಯನ್ನು ಬೇಡವೆನ್ನುವುದು ತಿಳಿಗೇಡಿತನ. ವಾರ್ಡಿಗೆ ಬಂದ ಮೇಲೆ ತನ್ನ ಒಗೆದ ಬಟ್ಟೆಯನ್ನು ತೊಡಲು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಇನ್ನು ಅಜ್ಜಿಯ ಹೊಟ್ಟೆಪಟ್ಟಿ. ಬಹಳ ಕಾಲ ಇದನ್ನು ಮೂಢನಂಬಿಕೆಯೆಂದು ಓದಿದವರು ನಕ್ಕರು. ವಾಯು ಸೇರುವ ಮಾತನ್ನು ಈಗಿನ ವೈದ್ಯರು ಒಪ್ಪುವುದಿಲ್ಲ, ಉಸಿರು ಕಟ್ಟುವಂತೆ ಬಿಗಿಯುವುದನ್ನು ಬೇಡವೆನ್ನುತ್ತಾರೆ. ಆದರೆ ಹೊಟ್ಟೆ ಕೊಯ್ದು ಹೆರಿಗೆಯಾದವರಿಗೆ ಎದ್ದು ಓಡಾಡುವಾಗ ಆಸರೆಯಾಗಲೆಂದು ಬೆಲ್ಟು ಹಾಕಿಕೊಳ್ಳಲು ಅವರೇ ಹೇಳುವುದುಂಟು. ಕರ್ನಾಟಕ ಸರ್ಕಾರ ೨೦೦೭ರಲ್ಲಿ ಮಡಿಲು ಎಂಬ ಯೋಜನೆಯನ್ನು ಆರಂಭಿಸಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಹೆತ್ತ ಬಡ ತಾಯಂದಿರಿಗೆ ಹತ್ತೊಂಬತ್ತು ಸಾಮಾನುಗಳ ಒಂದು ಕಿಟ್ಟನ್ನು ಕೊಡಲು ತೊಡಗಿತು. ಸೊಳ್ಳೆಪರದೆ, ಹಾಸಿಗೆಯ ಬಟ್ಟೆ, ಮೈಸೋಪು, ಬಟ್ಟೆಸೋಪು, ಬಾಚಣಿಗೆ, ಕೊಬ್ಬರಿ ಎಣ್ಣೆ, ಕೂಸಿನ ಉಡುಪು ಇವುಗಳೊಂದಿಗೆ ಆ ಪಟ್ಟಿಯಲ್ಲಿ ಇನ್ನೊಂದು ಸಾಮಾನೂ ಇತ್ತು: ತಾಯಿಯ ಹೊಟ್ಟೆಗೆ ಕಟ್ಟುವ ಬಟ್ಟೆ.