ನೂರಕ್ಕೆ ನಲವತ್ತೊಂಬತ್ತು

1922ರ ಜುಲೈ. ಅಮೆರಿಕದ ರೈಲ್ವೆ ಕಾರ್ಯಾಗಾರಗಳ ಕೆಲಸಗಾರರು ಕೂಲಿ ಕಡಿತವನ್ನು ವಿರೋಧಿಸಿ ಮುಷ್ಕರ ಹೂಡಿದ್ದರು. ಕ್ಯಾನ್ಸಸ್ ರಾಜ್ಯದ ಎಂಪೋರಿಯ ರೈಲ್ವೆಯನ್ನು ನಂಬಿದ್ದ, ಸುಮಾರು 11,000 ಜನರ ಊರು. ಅಂಗಡಿಗಳ ಕಿಟಕಿಯಲ್ಲಿ ಮುಷ್ಕರವನ್ನು ಬೆಂಬಲಿಸುವ ಭಿತ್ತಿಪತ್ರಗಳು ಕಾಣಿಸಿಕೊಂಡವು. ಗವರ್ನರ್ ಹೆನ್ರಿ ಅಲೆನ್ ಅವನ್ನು ನಿಷೇಧಿಸಿದರು. ಆಗ 'ಎಂಪೋರಿಯ ಗೆಜೆಟ್' ಸಂಪಾದಕ ವಿಲಿಯಂ ಅಲೆನ್ ವೈಟ್ ತಮ್ಮ ಕಚೇರಿಯ ಕಿಟಕಿಗೂ ಒಂದನ್ನು ಅಂಟಿಸಿದರು. ವಿಚಿತ್ರ ಬೆಂಬಲ ಅದು: ನಾವು ಮುಷ್ಕರಗಾರರ ಪರ ನೂರಕ್ಕೆ 49ರಷ್ಟು ಇದ್ದೇವೆ, ಮುಷ್ಕರ ಶಾಂತವಾಗಿ ನಡೆದರೆ ದಿನಕ್ಕೊಂದರಂತೆ ಏರಿಸುತ್ತೇವೆ.

ಗವರ್ನರರೂ ವೈಟರೂ ಹಳೆಯ ಗೆಳೆಯರು. ಆದರೂ ಬಂಧನದ ವಾರಂಟ್ ಹೊರಟಿತು.

ವೈಟ್ ಮುಷ್ಕರವನ್ನು ಪೂರ್ತಿ ಒಪ್ಪಿದವರಲ್ಲ ಎಂಬುದಕ್ಕೆ ಆ 49 ಸಾಕ್ಷಿ. ಅವರ ತಕರಾರು ಬೇರೆ. ಕಳವಳಗೊಂಡ ಗೆಳೆಯನೊಬ್ಬನಿಗೆ ಉತ್ತರವೆಂಬಂತೆ ಬರೆದ ಸಂಪಾದಕೀಯದಲ್ಲಿ ಅದನ್ನು ಬಿಡಿಸಿಟ್ಟರು: ಎಲ್ಲ ಸುಮ್ಮನಿರುವಾಗ ಮಾತಿನ ಸ್ವಾತಂತ್ರ್ಯ ಯಾರಿಗೂ ಬೇಕಾಗುವುದಿಲ್ಲ, ಊರು ಕಾದಿರುವಾಗಲೇ ಅದು ಬೇಕು. ಆ ಬರಹಕ್ಕೆ 1923ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಮೊಕದ್ದಮೆ ಬಿದ್ದುಹೋಯಿತು. ಗೆಳೆತನ ಉಳಿಯಿತು.

ಇದೇ ಮನುಷ್ಯ ಇಪ್ಪತ್ತಾರು ವರ್ಷ ಹಿಂದೆ ಹೇಗಿದ್ದರೆಂದು ನೋಡಬೇಕು. 1895ರಲ್ಲಿ, 27ನೇ ವಯಸ್ಸಿನಲ್ಲಿ, 3,000 ಡಾಲರ್ ಸಾಲ ಮಾಡಿ ಪತ್ರಿಕೆ ಕೊಂಡಿದ್ದರು. ಮರುವರ್ಷ ಆಗಸ್ಟಿನಲ್ಲಿ, ಸಾಲದಲ್ಲಿ ಮುಳುಗಿದ್ದ ರೈತರ ಪರವಾದ ಪಾಪ್ಯುಲಿಸ್ಟ್ ಪಕ್ಷದವರು ಬೀದಿಯಲ್ಲಿ ಸುತ್ತುಗಟ್ಟಿ ಛೇಡಿಸಿದರು. ಸಿಟ್ಟಿನಲ್ಲಿ ಕಚೇರಿಗೆ ಹೋದವರು ಕ್ಯಾನ್ಸಸ್ಸಿಗೆ ಏನು ರೋಗ ಬಡಿದಿದೆ ಎಂಬ ಅರ್ಥದ ಲೇಖನ ಗೀಚಿದರು. ಬಡತನಕ್ಕೆ ದಾರಿ ಹುಡುಕುತ್ತಿದ್ದ ನೆರೆಹೊರೆಯವರನ್ನೇ ಹೀಯಾಳಿಸಿದ ಬರಹ. ರಿಪಬ್ಲಿಕನ್ ಪಕ್ಷ ಮೆಕಿನ್ಲಿಯವರ ಚುನಾವಣೆಗೆ ಅದನ್ನು ದೇಶದಾದ್ಯಂತ ಹಂಚಿತು. ಸಣ್ಣ ಊರಿನ ಸಂಪಾದಕ ರಾತ್ರೋರಾತ್ರಿ ಹೆಸರುವಾಸಿ. ನನಗೆ ಅದು ಚುರುಕಾದ, ಆದರೆ ಕರುಣೆಯಿಲ್ಲದ ಗದ್ಯ ಅನ್ನಿಸುತ್ತದೆ. ಮುಂದೆ ಥಿಯೋಡರ್ ರೂಸ್‌ವೆಲ್ಟರ ಒಡನಾಟದಲ್ಲಿ ಸುಧಾರಣಾವಾದಿಯಾದ ವೈಟ್, ಅಂದು ಅಣಕಿಸಿದ್ದ ಬೇಡಿಕೆಗಳಲ್ಲಿ ಹಲವಕ್ಕೆ ತಾವೇ ದನಿಯಾದರು.

1921ರ ಮೇನಲ್ಲಿ ಹದಿನಾರರ ಮಗಳು ಮೇರಿ, ಕುದುರೆ ಸವಾರಿಯಲ್ಲಿದ್ದಾಗ ಮರದ ಕೊಂಬೆ ತಲೆಗೆ ಬಡಿದು ತೀರಿಕೊಂಡಳು. ಅಂತ್ಯಕ್ರಿಯೆಯ ಬೆನ್ನಲ್ಲೇ ತಂದೆ ತಮ್ಮ ಪತ್ರಿಕೆಗೆ ಬರೆದ ಲೇಖನದಲ್ಲಿ ಗೋಳಾಟವಿಲ್ಲ. ಅವಳ ತುಂಟತನವಿದೆ; ಶಾಲೆಯಲ್ಲಿ ಕಪ್ಪು ಹುಡುಗಿಯರಿಗೆ ವಿಶ್ರಾಂತಿ ಕೊಠಡಿ ಬೇಕೆಂದು ಅವಳು ಹೋರಾಡಿದ್ದೂ ಇದೆ. ಅವಳ ನೆನಪಿಗೆ ಮನೆಯವರು ಊರಿಗೆ ಪೀಟರ್ ಪ್ಯಾನ್ ಉದ್ಯಾನ ಕೊಟ್ಟರು.

ಅದೇ ವರ್ಷ ಕು ಕ್ಲಕ್ಸ್ ಕ್ಲಾನ್ ಎಂಪೋರಿಯಕ್ಕೆ ಕಾಲಿಟ್ಟಿತು. ಮುಸುಕಿನೊಳಗೆ ಇದ್ದವರು ದೂರದವರಲ್ಲ, ಗೆಜೆಟ್ ಓದುವ ಮನೆಗಳವರೇ. ದೊಡ್ಡ ನಗರದ ಸಂಪಾದಕನಿಗೆ ಓದುಗ ಒಂದು ಅಂಕಿ. ಇಲ್ಲಿ ಬೆಳಿಗ್ಗೆ ಬೈದು ಬರೆದವನಿಗೆ ಸಂಜೆ ಬೀದಿಯಲ್ಲಿ ಎದುರಾಗಬೇಕು. 1924ರಲ್ಲಿ ಎರಡೂ ಪಕ್ಷಗಳ ಅಭ್ಯರ್ಥಿಗಳು ಕ್ಲಾನನ್ನು ಖಂಡಿಸಲು ಹಿಂಜರಿದಾಗ ವೈಟ್ ಪಕ್ಷೇತರರಾಗಿ ಗವರ್ನರ್ ಸ್ಥಾನಕ್ಕೆ ನಿಂತರು. ಸುಮಾರು ಒಂದೂವರೆ ಲಕ್ಷ ಮತ ಪಡೆದು ಮೂರನೆಯವರಾದರು. ಸೋತು ಅದೇ ಕಚೇರಿಗೆ ಮರಳಿ, 1944ರ ಜನವರಿ 29ರಂದು ತೀರಿಕೊಳ್ಳುವವರೆಗೂ ಅದೇ ಊರಿನ, ಅದೇ ಪತ್ರಿಕೆಯ ಸಂಪಾದಕರಾಗಿ ಉಳಿದರು.