ಗೇಜು ಬದಲಾಗದ ದಾರಿ: ಕಲಬುರಗಿ ನಿಲ್ದಾಣ ಮತ್ತು ಮರುಬಳಕೆಯ ಪ್ರಶ್ನೆ

ಮಹಾಗಾಂವ ಕ್ರಾಸಿನಲ್ಲಿ ನಿಂತವನಿಗೆ ಒಂದು ಕಡೆ ಕಲಬುರಗಿ, ಇನ್ನೊಂದು ಕಡೆ ಕಮಲಾಪುರ, ಹುಮನಾಬಾದ, ಅದರಾಚೆಗೆ ಬೀದರ. ಬಹಮನಿಗಳ ಎರಡು ರಾಜಧಾನಿಗಳನ್ನು ಕೂಡಿಸುವ ದಾರಿ ಇದು. 1347ರಲ್ಲಿ ಕಲಬುರಗಿಯಲ್ಲಿ ನೆಲೆಯೂರಿದ ಆ ಮನೆತನ ಅಹಮದ್ ಶಾಹನ ಕಾಲಕ್ಕೆ ಬೀದರಕ್ಕೆ ಹೊರಟುಹೋಯಿತು. ಕುದುರೆ, ಎತ್ತಿನ ಬಂಡಿ, ಫಕೀರರು, ಬಸ್ಸು, ಕಮಲಾಪುರದ ಕೆಂಪು ಬಾಳೆ ಹೇರಿದ ಟೆಂಪೋ ಎಲ್ಲವೂ ಈ ದಾರಿಯಲ್ಲಿ ಸಾಗಿವೆ. ರೈಲು ಮಾತ್ರ ಬರಲಿಲ್ಲ. ಕಲಬುರಗಿಗೆ 1871ರ ಹೊತ್ತಿಗೇ ಗಾಡಿ ಬಂದಿತ್ತು, ಬೀದರಕ್ಕೆ 1930ರ ಸುಮಾರಿಗೆ ಬಂತು. ನಡುವಿನ 110 ಕಿ.ಮೀ. ಕೂಡಿದ್ದು 2017ರ ಅಕ್ಟೋಬರ್ 29ರಂದು.

ಕಲಬುರಗಿ ನಿಲ್ದಾಣದ ಚರಿತ್ರೆಯನ್ನು ಹೇಳಹೊರಟ ಬರಹ ಈ ವಿಳಂಬದಿಂದ ಆರಂಭವಾಗುವುದಕ್ಕೆ ಕಾರಣವಿದೆ. ಆ ನಿಲ್ದಾಣ ಹುಟ್ಟಿದ್ದು ಈ ಊರಿಗಾಗಿ ಅಲ್ಲ, ಸುತ್ತಲಿನ ಸೀಮೆಗಾಗಿಯೂ ಅಲ್ಲ. ಮುಂಬಯಿಯನ್ನೂ ಮದರಾಸನ್ನೂ ಕೂಡಿಸಬೇಕಿತ್ತು, ಆ ಗೆರೆಯ ಮೇಲೆ ಕಲಬುರಗಿ ಸಿಕ್ಕಿತು, ಅಷ್ಟೆ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ 1860ರಲ್ಲಿ ಸೋಲಾಪುರ ಮುಟ್ಟಿತ್ತು. ಅಲ್ಲಿಂದ ಆಗ್ನೇಯಕ್ಕೆ ಇಳಿದು, ನಿಜಾಮರ ಸೀಮೆ ಹೊಕ್ಕು, ಕಲಬುರಗಿ ದಾಟಿ, ಭೀಮಾ ಮತ್ತು ಕೃಷ್ಣೆಗೆ ಸೇತುವೆ ಕಟ್ಟಿಕೊಂಡು, 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಕಡೆಯಿಂದ ಬಂದ ಹಳಿಯನ್ನು ಕೂಡಿತು. ಸಂಸ್ಥಾನದ ನೆಲದ ಮೇಲೆ ಹಾದ ಈ ದಾರಿ ಸಂಸ್ಥಾನದ ರಾಜಧಾನಿಯನ್ನೇ ಮುಟ್ಟಲಿಲ್ಲ. ಹೈದರಾಬಾದಿಗೆ ರೈಲು ಬೇಕಾದರೆ ನಿಜಾಮ ಸರಕಾರವೇ ಹಣ ಹಾಕಬೇಕಾಯಿತು. ದಿವಾನ ಒಂದನೆಯ ಸಾಲಾರ್ ಜಂಗರ ಕಾಲದಲ್ಲಿ, 1874ರಲ್ಲಿ, ವಾಡಿಯಿಂದ ಸಿಕಂದರಾಬಾದಿಗೆ ಸುಮಾರು 120 ಮೈಲಿಯ ಕವಲು ಬಿತ್ತು. ವಾಡಿ ಎಂದರೆ ಪುಟ್ಟ ಹಳ್ಳಿ, ದೊಡ್ಡಿ. ಹೆಸರೇ ಹೇಳುವಂತೆ ಏನೂ ಇಲ್ಲದ ಜಾಗ ಜಂಕ್ಷನ್ ಆಯಿತು. ಬಹಮನಿ ರಾಜಧಾನಿಯಾಗಿ ಮೆರೆದ ಕಲಬುರಗಿ ಬರಿಯ ‘ದಾರಿಯ ಟೇಶನ್’ ಆಗಿ ಉಳಿಯಿತು.

ಬೀದರವನ್ನು ಮುಟ್ಟಿದ ಹಳಿಯೂ ಹೈದರಾಬಾದಿನ ಕಡೆಗೇ ಮುಖಮಾಡಿತ್ತು. ಅದು ವಾಡಿ ಕವಲಿನ ವಿಕಾರಾಬಾದಿನಿಂದ ಹೊರಟು ಬೀದರದ ಮೇಲೆ ಹಾದು ಪರಳಿಗೆ ಹೋಯಿತು. ಹೀಗಾಗಿ ಬೀದರದವನು ರೈಲಿನಲ್ಲೇ ಕಲಬುರಗಿಗೆ ಬರುತ್ತೇನೆಂದು ಹಟ ಹಿಡಿದರೆ ವಿಕಾರಾಬಾದಿಗೆ ಇಳಿದು, ವಾಡಿಗೆ ಬಂದು, ಅಲ್ಲಿಂದ ಮತ್ತೆ ಮೇಲಕ್ಕೆ ಏರಬೇಕಿತ್ತು. ಎದುರು ಮನೆಗೆ ಹೋಗಲು ಊರೆಲ್ಲ ಸುತ್ತಿದ ಹಾಗೆ. ಯಾರೂ ಹಾಗೆ ಹೋಗುತ್ತಿರಲಿಲ್ಲ. ಹುಮನಾಬಾದಿನ ಮೇಲಿಂದ ಬಸ್ಸು ಹಿಡಿಯುತ್ತಿದ್ದರು.

ಹಳಿಯ ಕೆಳಗಿನ ನೆಲ ಯಾರದು ಎಂಬ ತಕರಾರು ಇದಕ್ಕಿಂತ ಸ್ವಾರಸ್ಯದ್ದು. ರೈಲ್ವೆಗೆ ಕೊಟ್ಟ ಜಮೀನಿನ ಮೇಲಿನ ಅಧಿಕಾರವನ್ನು ನಿಜಾಮರು ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದರು. ಅಂದರೆ ಪ್ಲಾಟ್‌ಫಾರಂ ಮೇಲೆ ಕಾಲಿಟ್ಟವನು ಒಂದು ಹೆಜ್ಜೆಗೆ ಒಂದು ರಾಜ್ಯ ದಾಟಿದ ಹಾಗೆ. ಆ ಅಧಿಕಾರ ಎಲ್ಲಿಯವರೆಗೆ ಎಂಬ ಪ್ರಶ್ನೆ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು. ಮುಹಮ್ಮದ್ ಯೂಸುಫುದ್ದೀನ್ ಎಂಬವರನ್ನು ವಾಡಿ–ಸಿಕಂದರಾಬಾದ ದಾರಿಯ ಶಂಕರಪಲ್ಲಿ ನಿಲ್ದಾಣದಲ್ಲಿ ಸಿಮ್ಲಾದ ಮ್ಯಾಜಿಸ್ಟ್ರೇಟರ ವಾರಂಟಿನ ಮೇಲೆ ಹಿಡಿದಿದ್ದರು. ಬಿಟ್ಟುಕೊಟ್ಟದ್ದು ರೈಲ್ವೆಯ ಆಡಳಿತಕ್ಕೆ ಬೇಕಾದಷ್ಟು ಅಧಿಕಾರ ಮಾತ್ರ, ರೈಲ್ವೆಗೆ ಸಂಬಂಧವಿಲ್ಲದ ಅಪರಾಧಕ್ಕಾಗಿ ಅಲ್ಲಿ ಬಂಧಿಸುವಂತಿಲ್ಲ ಎಂದು 1897ರಲ್ಲಿ ತೀರ್ಪು ಬಂತು. ರಾಜನ ನೆಲದ ನಡುವೆ ಚಾಚಿದ ಆ ಕಬ್ಬಿಣದ ಪಟ್ಟಿ ಪೂರ್ತಿ ಬ್ರಿಟಿಷರದೂ ಅಲ್ಲ, ಪೂರ್ತಿ ನಿಜಾಮರದೂ ಅಲ್ಲ ಎಂದು ಕಾಗದದ ಮೇಲೆ ಬರೆದದ್ದು ಹೀಗೆ.

ಈ ಎಡಬಿಡಂಗಿತನ ಅರ್ಧ ಶತಮಾನದ ಮೇಲೆ ರಕ್ತಕ್ಕೆ ತಿರುಗಿತು. 1948ರ ಮೇ 22ರಂದು ಕಲಬುರಗಿಯ ಪಶ್ಚಿಮಕ್ಕಿರುವ ಗಾಣಗಾಪುರ ನಿಲ್ದಾಣದಲ್ಲಿ ಮದರಾಸು–ಮುಂಬಯಿ ಮೇಲ್ ಗಾಡಿಯ ಮೇಲೆ ನಿಜಾಮರ ಪರದ ಸಶಸ್ತ್ರ ಪಡೆಯಾದ ರಜಾಕಾರರು ಬಿದ್ದರು. ಗಾಡಿ ಸ್ವತಂತ್ರ ಭಾರತದ್ದು, ಅದು ನಿಂತ ಸೀಮೆ ಇನ್ನೂ ಭಾರತವನ್ನು ಸೇರದ ಸಂಸ್ಥಾನದ್ದು. ಹೈದರಾಬಾದಿನ ಮೇಲೆ ಭಾರತ ಸರಕಾರ ಹೊರಿಸಿದ ಆಪಾದನೆಗಳಲ್ಲಿ ಈ ಘಟನೆ ಮುಖ್ಯವಾದುದು. ಸೆಪ್ಟೆಂಬರ್ 17ಕ್ಕೆ ಸಂಸ್ಥಾನ ಶರಣಾಯಿತು. ಇವತ್ತು ಆ ನಿಲ್ದಾಣದಲ್ಲಿ ಇಳಿಯುವವರು ದತ್ತಾತ್ರೇಯನ ಭಕ್ತರು. ಪಾದುಕೆಯ ದರ್ಶನಕ್ಕೆ ಹೊರಟವರಲ್ಲಿ ಎಷ್ಟು ಮಂದಿಗೆ ಆ ದಿನ ಗೊತ್ತಿದ್ದೀತು?

ಆ ನಿಲ್ದಾಣದ ಹೆಸರನ್ನೂ ಗಮನಿಸಬೇಕು: ‘ಗಾಣಗಾಪುರ ರೋಡ್’. ರೈಲ್ವೆಯವರ ಭಾಷೆಯಲ್ಲಿ ಹೆಸರಿನ ತುದಿಗೆ ‘ರೋಡ್’ ಬಂತೆಂದರೆ ಊರು ಅಲ್ಲಿಲ್ಲ, ಊರಿಗೆ ಹೋಗುವ ದಾರಿ ಮಾತ್ರ ಇದೆ ಎಂದು ಅರ್ಥ. ಅಕ್ಕಲಕೋಟ ರೋಡ್ ಎಂಬುದೂ ಹಾಗೆಯೇ. ಕಲಬುರಗಿಗೆ ಆ ಬಾಲ ಅಂಟಿಕೊಳ್ಳಲಿಲ್ಲ. ಆದರೆ ಅಲ್ಲಿಯೂ ನಿಲ್ದಾಣ ಬಿದ್ದದ್ದು ಕೋಟೆಯಿಂದ, ಬಂದೇನವಾಜರ ದರ್ಗಾದಿಂದ ದೂರದ ಬಯಲಿನಲ್ಲಿ. ಹಳೆಯ ಪೇಟೆಗೂ ಟೇಶನ್ನಿಗೂ ನಡುವಿನ ಬಯಲನ್ನು ಊರು ಆಮೇಲೆ ತುಂಬಿಕೊಂಡಿತು. ಸ್ಟೇಷನ್ ಬಜಾರು, ಸ್ಟೇಷನ್ ರಸ್ತೆ, ಮೆಹಬೂಬ್ ಗುಲ್ಶನ್ ತೋಟ, ಎಂ.ಎಸ್.ಕೆ. ಗಿರಣಿ ಇವೆಲ್ಲ ರೈಲಿನ ಬೆನ್ನಿಗೇ ಬಂದವು. ಮೆಹಬೂಬ್ ಶಾಹಿ ಕುಲಬರ್ಗಾ ಎಂಬ ಆ ಗಿರಣಿಯ ಹೆಸರೇ ಅದು ನಿಜಾಮ ಮೆಹಬೂಬರ ಕಾಲದ್ದೆಂದು ಹೇಳುತ್ತದೆ. ಕಲಬುರಗಿಯ ನಕ್ಷೆಯನ್ನು ಹರಡಿ ನೋಡಿದರೆ ಒಂದು ತುದಿಗೆ ಕೋಟೆ, ಇನ್ನೊಂದು ತುದಿಗೆ ಟೇಶನ್, ಎರಡೂ ಹಿಡಿದು ಜಗ್ಗಿದ ಹಗ್ಗದಂತೆ ನಡುವಿನ ಊರು.

ಇನ್ನು ಮರುಬಳಕೆಯ ಮಾತು. ಹಳೆಯ ನಿಲ್ದಾಣಗಳಿಗೆ ಹೊಸ ಬಾಳು ಕೊಟ್ಟ ಉದಾಹರಣೆಗಳನ್ನು ಕರ್ನಾಟಕದಲ್ಲಿ ಹುಡುಕಿದರೆ ಕಣ್ಣು ದಕ್ಷಿಣಕ್ಕೆ, ಮಲೆನಾಡಿಗೆ ಹೋಗುತ್ತದೆ. ಶಿವಮೊಗ್ಗ–ತಾಳಗುಪ್ಪ ದಾರಿಯ ಅರಸಾಳು ನಿಲ್ದಾಣ ಎಲ್ಲರಿಗೂ ಗೊತ್ತು. ಆರ್.ಕೆ. ನಾರಾಯಣರ ಕತೆಗಳನ್ನು ಶಂಕರ್‌ನಾಗ್ ಕಿರುತೆರೆಗೆ ತಂದಾಗ ಅದೇ ಮಾಲ್ಗುಡಿಯ ಟೇಶನ್ ಆಗಿತ್ತು. 2020ರಲ್ಲಿ, ಆ ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜರ ಕೈಯಿಂದಲೇ ಅದು ಮ್ಯೂಸಿಯಂ ಆಯಿತು. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ ಹಾಕಿದ ಲೈಟ್ ರೈಲ್ವೆಯ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ಎಂಬ ಹೆಂಚಿನ ಸೂರಿನ ಪುಟ್ಟ ನಿಲ್ದಾಣಗಳನ್ನು ಪರಂಪರೆಯ ಕಟ್ಟಡಗಳನ್ನು ಕಾಪಾಡುವ ಇನ್‌ಟ್ಯಾಕ್ ಸಂಸ್ಥೆ ದುರಸ್ತಿಗೆ ಕೈಗೆತ್ತಿಕೊಂಡಿತು.

ಇವು ಉಳಿದದ್ದು ಜನರ ಅಭಿಮಾನದಿಂದ ಎಂದು ಹೇಳುವುದು ವಾಡಿಕೆ. ನನಗೆ ಕಾಣುವ ಕಾರಣ ಬೇರೆ. ಅರಸಾಳು ಮೀಟರ್ ಗೇಜಿನದು, ಚಿಕ್ಕಬಳ್ಳಾಪುರದ ಸಾಲು ಎರಡೂವರೆ ಅಡಿಯ ನ್ಯಾರೋ ಗೇಜಿನದು. ಬ್ರಾಡ್ ಗೇಜ್ ಬಂದಾಗ ಹಳಿಯ ಎತ್ತರ, ಪ್ಲಾಟ್‌ಫಾರಮಿನ ಉದ್ದ, ಗಾಡಿಯ ಅಗಲ ಎಲ್ಲವೂ ಬದಲಾಯಿತು. ಹಳೆಯ ಕಟ್ಟಡವನ್ನು ಕೆಡವುವುದಕ್ಕಿಂತ ಪಕ್ಕದಲ್ಲಿ ಹೊಸದನ್ನು ಕಟ್ಟುವುದೇ ಸುಲಭವಾಯಿತು. ಹಳೆಯದು ಕೆಲಸ ಕಳೆದುಕೊಂಡು ಗಿಡಗಂಟಿಯ ನಡುವೆ ಬಿದ್ದಿತ್ತು. ಯಾರಿಗೂ ಬೇಡವಾದದ್ದರಿಂದಲೇ ಯಾರೂ ಮುಟ್ಟಲಿಲ್ಲ. ಮುಟ್ಟದ್ದರಿಂದ ಉಳಿಯಿತು, ಅಭಿಮಾನ ಆಮೇಲೆ ಬಂದು ಸುಣ್ಣ ಬಳಿಯಿತು. ಪ್ಯಾರಿಸಿನ ಓರ್ಸೆ ನಿಲ್ದಾಣದ ಕತೆಯೂ ಇದೇ. 1900ರಲ್ಲಿ ತೆರೆದ ಆ ಭವ್ಯ ಕಟ್ಟಡದ ಪ್ಲಾಟ್‌ಫಾರಂಗಳು ಉದ್ದನೆಯ ಹೊಸ ಗಾಡಿಗಳಿಗೆ ಸಾಲದೆ ಹೋದವು, 1939ರ ಹೊತ್ತಿಗೆ ದೂರದ ರೈಲುಗಳು ನಿಂತವು, 1986ರಲ್ಲಿ ಅದು ಕಲಾ ಮ್ಯೂಸಿಯಂ ಆಗಿ ಬಾಗಿಲು ತೆರೆಯಿತು.

ಕಲಬುರಗಿಗೆ ಈ ಭಾಗ್ಯ ಬರಲಿಲ್ಲ, ಅಥವಾ ಈ ದೌರ್ಭಾಗ್ಯ. ಮುಂಬಯಿ–ರಾಯಚೂರು ದಾರಿ ಮೊದಲ ದಿನದಿಂದಲೂ ಐದೂವರೆ ಅಡಿಯ ಬ್ರಾಡ್ ಗೇಜಿನದು. ವಾಡಿಯ ಕವಲೂ ಹಾಗೆಯೇ, ವಿಕಾರಾಬಾದ–ಬೀದರವೂ ಹಾಗೆಯೇ. ಸೋಲಾಪುರದ ಪಕ್ಕದ ಹೋಟಗಿಯನ್ನು ಹೋಲಿಸಿ ನೋಡಬಹುದು. 1884ರಲ್ಲಿ ಗದಗ–ವಿಜಯಪುರದ ಕಡೆಯ ಮೀಟರ್ ಗೇಜ್ ಅಲ್ಲಿಗೆ ಬಂದು ಬ್ರಾಡ್ ಗೇಜಿಗೆ ಮುಖಾಮುಖಿಯಾಯಿತು. ಒಂದು ಗಾಡಿಯ ಮೂಟೆಯನ್ನು ಇನ್ನೊಂದಕ್ಕೆ ಹೊರುವುದೇ ಅಲ್ಲಿನ ಹಮಾಲರ ಬದುಕಾಯಿತು. ವಾಡಿಯಲ್ಲಿ ಆ ಗೋಜಿರಲಿಲ್ಲ, ಡಬ್ಬಿಯನ್ನೇ ಕಳಚಿ ಕವಲಿಗೆ ತಿರುಗಿಸಿದರೆ ಮುಗಿಯಿತು. ಗೇಜು ಬದಲಾಗದ್ದರಿಂದ ಈ ದಾರಿಯಲ್ಲಿ ಒಂದು ನಿಲ್ದಾಣವೂ ‘ಹಳೆಯದು’ ಎಂದು ಪಕ್ಕಕ್ಕೆ ಸರಿಯಲಿಲ್ಲ. ಕೆಲಸ ಮಾಡುತ್ತಲೇ ಇತ್ತು, ಮಾಡುತ್ತಲೇ ಸವೆಯಿತು. ಎರಡನೆಯ ಹಳಿ ಬಂದಾಗ ಒಂದಷ್ಟು, ವಿದ್ಯುತ್ ತಂತಿ ಎಳೆದಾಗ ಒಂದಷ್ಟು, ಗಾಡಿ ಉದ್ದವಾದಾಗ ಮತ್ತೊಂದಷ್ಟು. ಬಂದ್ ಮಾಡಿದ ದಿನವೇ ಇಲ್ಲದ ಕಟ್ಟಡಕ್ಕೆ ಮರುಬಳಕೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಹಾಗೆಂದೇ ಇಲ್ಲಿ ಚರಿತ್ರೆಯನ್ನು ಗೋಡೆಯಲ್ಲಿ ಹುಡುಕಿದರೆ ಸಿಗುವುದು ಕಡಿಮೆ.

ಆಡಳಿತದ ಕಾಗದಪತ್ರದಲ್ಲಾದರೂ ಸಿಗಬೇಕು. ಅಲ್ಲಿ ಬೇರೆ ತೊಡಕು. ನಿಜಾಮರ ರೈಲ್ವೆಯನ್ನು 1930ರಲ್ಲಿ ಸಂಸ್ಥಾನ ಕಂಪನಿಯಿಂದ ಕೊಂಡಿತು, 1951ರಲ್ಲಿ ಅದೂ ಹಳೆಯ ಪೆನಿನ್ಸುಲಾ ರೈಲ್ವೆಯೂ ಕೂಡಿ ಮಧ್ಯ ರೈಲ್ವೆ ಆದವು. 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ ಸೋಲಾಪುರ ವಿಭಾಗ ಸಿಕಂದರಾಬಾದಿಗೆ ಹೋಯಿತು, 1977ರಲ್ಲಿ ಮತ್ತೆ ಮುಂಬಯಿಗೆ ಮರಳಿತು. ಕಲಬುರಗಿ ಆ ವಿಭಾಗದ ಜೊತೆಗೇ ಹೋಗಿ ಬಂತು. ಹುಬ್ಬಳ್ಳಿಯಲ್ಲಿ ಕೇಂದ್ರವಿಟ್ಟುಕೊಂಡು ನೈಋತ್ಯ ರೈಲ್ವೆ 2003ರಲ್ಲಿ ಆರಂಭವಾದಾಗಲೂ ಕಲಬುರಗಿ ಅದರೊಳಗೆ ಬರಲಿಲ್ಲ. ಕಲಬುರಗಿಗೇ ಒಂದು ವಿಭಾಗ ಬೇಕೆಂದು 1984ರಲ್ಲಿ ಸರೀನ್ ಸಮಿತಿ ಹೇಳಿತ್ತು. ಮಲ್ಲಿಕಾರ್ಜುನ ಖರ್ಗೆಯವರು ರೈಲ್ವೆ ಮಂತ್ರಿಯಾಗಿದ್ದಾಗ, 2014ರಲ್ಲಿ, ಅದಕ್ಕೆ ಅಡಿಗಲ್ಲೂ ಬಿತ್ತು. ಈ ಓಡಾಟದ ಫಲ ಸಂಶೋಧಕನ ಪಾಲಿಗೆ ಸರಳ: ಒಂದೇ ನಿಲ್ದಾಣದ ಕತೆಯನ್ನು ಕೂಡಿಸಲು ಮುಂಬಯಿ, ಸೋಲಾಪುರ, ಸಿಕಂದರಾಬಾದ, ಹೈದರಾಬಾದ ಎಲ್ಲ ತಿರುಗಬೇಕು. ಜಿಲ್ಲೆಯ ಹೆಸರು 2014ರ ನವೆಂಬರ್ 1ರಂದು ಗುಲಬರ್ಗಾದಿಂದ ಕಲಬುರಗಿ ಆಯಿತು, ಅದರ ಹಿಂದೆಯೇ ಟಿಕೆಟ್ಟಿನ ಮೇಲಿನ ಸಂಕೇತ ‘ಜಿಆರ್’ ಹೋಗಿ ‘ಕೆಎಲ್‌ಬಿಜಿ’ ಬಂತು. ಹಳೆಯ ದಾಖಲೆ ಹುಡುಕುವವನಿಗೆ ಎರಡೂ ಗೊತ್ತಿರಬೇಕು.

ಹೊಸ ಹಳಿಯ ಮೇಲಿನ ನಿಲ್ದಾಣಗಳ ಸಂಗತಿ ತದ್ವಿರುದ್ಧ. 1990ರ ದಶಕದ ಕೊನೆಯಲ್ಲಿ ಮಂಜೂರಾದ ಬೀದರ–ಕಲಬುರಗಿ ಕಾಮಗಾರಿ ಇಪ್ಪತ್ತು ವರ್ಷ ಎಳೆಯಿತು. ಮರಗುತ್ತಿಯ ಬಳಿ ಗುಡ್ಡ ಕೊರೆದು ಒಂದೂವರೆ ಕಿ.ಮೀ.ಗಿಂತ ಉದ್ದದ ಸುರಂಗ ಮಾಡಬೇಕಾಯಿತು. ಕಮಲಾಪುರದಂಥ ಊರಿಗೆ ಟೇಶನ್ ಎಂಬುದು ಚರಿತ್ರೆಯೇ ಅಲ್ಲ, ಇನ್ನೂ ಸಿಮೆಂಟಿನ ವಾಸನೆ ಆರದ ಸಂಗತಿ. ಆದರೆ ಹಳೆಯ ದಾರಿಯಲ್ಲಿ ಕಂಪನಿ ಹೇಗೆ ತನ್ನ ಲೆಕ್ಕ ನೋಡಿತೋ ಹೊಸ ದಾರಿಯೂ ಹಾಗೆಯೇ ಏರು, ತಿರುವು, ಜಮೀನಿನ ಬೆಲೆ ನೋಡಿ ನಿಲ್ದಾಣದ ಜಾಗ ಗುರುತು ಮಾಡಿತು. ಹೆದ್ದಾರಿಯ ಕ್ರಾಸಿನಲ್ಲಿ ಕೈ ಮಾಡಿದರೆ ನಿಲ್ಲುವ ಬಸ್ಸು, ಜೀಪಿನ ಎದುರು ದಿನಕ್ಕೆ ಕೆಲವೇ ಸಲ ಬರುವ ಗಾಡಿ ಇನ್ನೂ ತನ್ನ ಜನವನ್ನು ಹುಡುಕಿಕೊಳ್ಳಬೇಕಿದೆ.

ಹಳೆಯ ದಾರಿಯಲ್ಲಿ ಈಗ ತುರ್ತಾಗಿ ಆಗಬೇಕಾದ ಕೆಲಸವೊಂದಿದೆ. 2023ರಲ್ಲಿ ಶುರುವಾದ ಅಮೃತ ಭಾರತ ಯೋಜನೆಯ ಪಟ್ಟಿಯಲ್ಲಿ ಗಾಣಗಾಪುರ ರೋಡ್, ಕಲಬುರಗಿ, ಶಹಾಬಾದ, ವಾಡಿ ನಾಲ್ಕೂ ಇವೆ. ಎಸ್ಕಲೇಟರು, ಅಗಲವಾದ ಸೇತುವೆ, ಹೊಸ ಮುಖಮಂಟಪ ಬರಲಿ, ಯಾರೂ ಬೇಡವೆನ್ನುವುದಿಲ್ಲ. ಬೇಸಿಗೆಯಲ್ಲಿ ಆ ಪ್ಲಾಟ್‌ಫಾರಮಿನ ಮೇಲೆ ಗಾಡಿ ಕಾದವರಿಗೆ ನೆರಳಿನ ಬೆಲೆ ಹೇಳಿಕೊಡಬೇಕಿಲ್ಲ. ಆದರೆ ಕಿತ್ತು ಹಾಕುವ ಮುನ್ನ ಅಳೆದು, ಚಿತ್ರ ತೆಗೆದು, ಬರೆದಿಡುವ ಕೆಲಸ ಕಟ್ಟುವ ಗುತ್ತಿಗೆಯೊಳಗೆ ಸೇರಬೇಕು. ಅದರಲ್ಲೂ ನೆಲವನ್ನು.

ನೆಲ ಎಂದದ್ದು ಸುಮ್ಮನೆ ಅಲ್ಲ. ಶಹಾಬಾದಿನ ಸುತ್ತ ಪದರು ಪದರಾಗಿ ಏಳುವ ಸುಣ್ಣಗಲ್ಲನ್ನು ನಮ್ಮ ಕಡೆ ಪರಸಿ ಎನ್ನುತ್ತಾರೆ. ಹೆಚ್ಚು ಕೆತ್ತುವ ಕೆಲಸವಿಲ್ಲದೆ ಹಾಸಲು ಬರುವ ಕಲ್ಲು. ರೈಲು ಬಂದ ಮೇಲೆ ಅದು ಗೂಡ್ಸ್ ಡಬ್ಬಿ ಹತ್ತಿ ದಖ್ಖನ್ನಿನ ಊರೂರಿಗೆ ಹೋಯಿತು. ಮನೆಯ ಪಡಸಾಲೆಗೆ, ಕಚೇರಿಗೆ, ಪ್ಲಾಟ್‌ಫಾರಮಿಗೆ ಹಾಸಾಯಿತು. ಅದೇ ಸುಣ್ಣಗಲ್ಲು ಸುಟ್ಟು ಪುಡಿಯಾಗಿ ಶಹಾಬಾದಿನ, ಮುಂದೆ ವಾಡಿಯ ಸಿಮೆಂಟ್ ಕಾರಖಾನೆಗಳನ್ನು ಸಾಕಿತು. ಸಿಮೆಂಟು ಬಂದು ಪರಸಿಯನ್ನು ಮೂಲೆಗೆ ತಳ್ಳಿತು, ಎರಡೂ ಒಂದೇ ಕಲ್ಲಿನ ಮಕ್ಕಳು. ಈಗ ಟೈಲ್ಸಿನ ಸರದಿ.

ಆದರೆ ಪರಸಿ ಕಿತ್ತರೆ ಬಿಸಾಕುವವರು ಈ ಸೀಮೆಯಲ್ಲಿಲ್ಲ. ಬಚ್ಚಲಿಗೆ ಒಂದು, ತುಳಸಿಕಟ್ಟೆಗೆ ಒಂದು, ದನದ ಕೊಟ್ಟಿಗೆಗೆ ನಾಲ್ಕು, ತಗಡಿನ ಹೋಟೆಲಿನ ಮುಂದೆ ಕೂರಲು ಎರಡು. ಅಂಚು ಸವೆದು ನುಣುಪಾದ ಕಲ್ಲು ಕಂಡರೆ ಅದರ ಮೇಲೆ ಎಷ್ಟು ವರ್ಷ ಜನ ನಡೆದಿದ್ದಾರೆಂದು ಹಳಬರು ಅಂದಾಜು ಹೇಳುತ್ತಾರೆ. ಪ್ಲಾಟ್‌ಫಾರಮಿನಿಂದ ಎದ್ದ ಕಲ್ಲು ಯಾವ ಟ್ರ್ಯಾಕ್ಟರು ಹತ್ತಿತು, ಯಾವ ಊರಿನಲ್ಲಿ ಇಳಿಯಿತು ಎಂದು ಕೇಳಿ ಬರೆದುಕೊಳ್ಳಲು ಒಬ್ಬ ವಿದ್ಯಾರ್ಥಿ, ಒಂದು ನೋಟ್‌ಬುಕ್ಕು ಸಾಕು. ಈ ಕೆಲಸವನ್ನು ನಾನು ಶಹಾಬಾದಿನಿಂದ ಶುರು ಮಾಡುವೆ.